ಹಿಂದೆ ಕಟ್ಟಿದ ಜೀಪಿಗೆ ಯಾವ ಬ್ರೇಕ್: ಒಂದು ಪ್ರಕರಣ ಅಧ್ಯಯನ

ಇದು ಮೋಟರ್‌ಹೋಮ್ (ಚಕ್ರದ ಮೇಲಿನ ಮನೆ) ಹಿಂದೆ ಜೀಪ್ ಕಟ್ಟಿಕೊಂಡು ಓಡಾಡುವ ನಮ್ಮ ಅಕ್ಕ, ಭಾವನ ಕಥೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಅವರಿರುವ ಊರು, ನಡೆದ ವರ್ಷ ಬಿಟ್ಟಿದ್ದೇನೆ. ಜೀಪಿನ ಪೆಡಲ್ ಒತ್ತಲು ಇಟ್ಟ ಬ್ರೇಕ್ ಪೆಟ್ಟಿಗೆಯ ಕಂಪನಿ ಯಾವುದು ಅಂತಲೂ ಹೇಳುವುದಿಲ್ಲ, ಯಾಕೆಂದರೆ ಇಲ್ಲಿ ಪೆಟ್ಟಿಗೆ ಕೆಡಲೇ ಇಲ್ಲ, ಕೆಟ್ಟದ್ದು ನಮ್ಮ ಲೆಕ್ಕ. ಅಕ್ಕ ಅಂದರೆ ನನ್ನ ದೊಡ್ಡಮ್ಮನ ಮಗಳು. ಅವಳ ಗಂಡ ಭಾವ. ಅಷ್ಟು ಸಾಕು.

ನಾನು ಮಂಗಳೂರಿನಲ್ಲಿ 26 ವರ್ಷ ಬಸ್ಸುಗಳ ಬ್ರೇಕ್ ಕೆಲಸ ಮಾಡಿದವ. ಈಗ ಉಡುಪಿಯಲ್ಲಿ ಮನೆಯಲ್ಲಿದ್ದೇನೆ. ಮೋಟರ್‌ಹೋಮನ್ನು ಫೋನಿನ ಫೋಟೋದಲ್ಲಿ ಬಿಟ್ಟರೆ ನೋಡಿದವನೇ ಅಲ್ಲ. ಈ ವಿಷಯದಲ್ಲಿ ನಾನು ಕೊಟ್ಟ ಮೊದಲ ಸಲಹೆ ಪೂರ್ತಿ ತಪ್ಪು, ಎರಡನೆಯದ್ದು ಅರ್ಧ ತಪ್ಪು. ಅದನ್ನೂ ಮುಚ್ಚಿಡದೆ ಬರೆಯುತ್ತೇನೆ.

ಹಿನ್ನೆಲೆ

ಇಬ್ಬರೂ ಉಡುಪಿ ಕಡೆಯವರು, ಮೂವತ್ತು ವರ್ಷದಿಂದ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾರೆ. ಭಾವ ರಿಟೈರ್ ಆದ ಕೂಡಲೇ ಸೆಕೆಂಡ್ ಹ್ಯಾಂಡ್ ಮೋಟರ್‌ಹೋಮ್ ತೆಗೆದುಕೊಂಡರು. ಫೋರ್ಡ್ ಇ-450 ಚಾಸಿಸ್ ಮೇಲೆ ಕಟ್ಟಿದ ಮನೆ: ಮಂಚ, ಅಡುಗೆ ಕಟ್ಟೆ, ಶೌಚಾಲಯ ಎಲ್ಲ ಒಳಗೇ. ಗ್ರೈಂಡರ್ ಇಡಲು ಜಾಗ ಉಂಟಾ ಅಂತ ಅಕ್ಕ ಮೊದಲು ನೋಡಿದ್ದಂತೆ.

ಒಂದು ಕಡೆ ನಿಲ್ಲಿಸಿ ನೀರು, ಕರೆಂಟು ಜೋಡಿಸಿದ ಮೇಲೆ, ಒಂದು ಲೀಟರ್ ಹಾಲಿಗೆ ಆ ಮನೆಯನ್ನೇ ಓಡಿಸಿಕೊಂಡು ಹೋಗಲು ಆಗುವುದಿಲ್ಲ ಅಲ್ವಾ? ಅದಕ್ಕೇ ಅಲ್ಲಿನವರು ಹಿಂದೆ ಒಂದು ಸಣ್ಣ ಗಾಡಿ ಕಟ್ಟಿಕೊಂಡು ಹೋಗುತ್ತಾರೆ. ಇವರದ್ದು ನಾಲ್ಕು ಬಾಗಿಲಿನ ಜೀಪ್ ರ‍್ಯಾಂಗ್ಲರ್. ಟ್ರೇಲರ್ ಇಲ್ಲ, ನಾಲ್ಕೂ ಚಕ್ರ ರಸ್ತೆಯ ಮೇಲೆಯೇ ಉರುಳುತ್ತವೆ. ಜೀಪಿನ ಮುಂದಿನ ಬಂಪರಿನ ಒಳಬದಿಗೆ ಕಬ್ಬಿಣದ ಪ್ಲೇಟ್, ಅದಕ್ಕೆ ಟೋ ಬಾರ್ (ಎರಡೂ ಗಾಡಿ ಜೋಡಿಸುವ ಕಬ್ಬಿಣದ ದಂಡ), ಎರಡು ಸೇಫ್ಟಿ ಕೇಬಲ್, ಲೈಟಿನ ವೈರ್. ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಎಂಜಿನ್ ಬಲ ಹಂಚುವ ಗೇರ್ ಭಾಗ) ನ್ಯೂಟ್ರಲ್‌ಗೆ ಹಾಕಿದರೆ ಜೀಪ್ ಎಳೆದ ಹಾಗೆ ಬರುತ್ತದೆ. ಎಲ್ಲ ಕಾರನ್ನೂ ಹೀಗೆ ಎಳೆಯುವಂತಿಲ್ಲ, ಗೇರ್‌ಬಾಕ್ಸ್ ಹೋಗುತ್ತದೆ. ರ‍್ಯಾಂಗ್ಲರ್ ಆಗುತ್ತದೆ.

(ಇಲ್ಲಿ ಯಾರೂ ಪ್ರಯತ್ನಿಸಬೇಡಿ. ನಮ್ಮ ಕಾನೂನಿನಲ್ಲಿ ಕೆಟ್ಟು ನಿಂತ ಗಾಡಿಯನ್ನೋ ನೋಂದಣಿಯಾದ ಟ್ರೇಲರನ್ನೋ ಎಳೆಯಬಹುದು. ಸರಿ ಇರುವ ಕಾರನ್ನು ಸುಮ್ನೆ ಕಟ್ಟಿಕೊಂಡು ಹೋಗುವ ಹಾಗಿಲ್ಲ.)

ಸಮಸ್ಯೆ

ಡಿಸೆಂಬರಿನಲ್ಲಿ ಊರಿಗೆ ಬಂದಾಗ ನಮ್ಮ ಜಗಲಿಯಲ್ಲಿ ಕೂತು ಮಾತು ಶುರುವಾಯಿತು. ಭಾವನ ವಾದ ಸರಳ. "ಇಷ್ಟು ದೊಡ್ಡ ಗಾಡಿ ಮಾರಾಯ, ಹಿಂದೆ ಜೀಪ್ ಇರುವುದೇ ಗೊತ್ತಾಗುವುದಿಲ್ಲ. ಅದಕ್ಕೆ ಬೇರೆ ಬ್ರೇಕ್ ಎಂತಕ್ಕೆ?"

ನಾನು ಅಲ್ಲೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಸಾಮಾನು ತುಂಬಿದ ಮೋಟರ್‌ಹೋಮ್ ಸುಮಾರು 6,350 ಕೆಜಿ. ಜೀಪ್ ಸುಮಾರು 1,900. ಅಂದರೆ ಬ್ರೇಕ್ ಇಲ್ಲದ ಜೀಪ್ ಹಿಂದೆ ಬಂದರೆ ಅದೇ ಬ್ರೇಕ್ 30 ಶೇಕಡ ಜಾಸ್ತಿ ತೂಕ ನಿಲ್ಲಿಸಬೇಕು. ಗಂಟೆಗೆ 60 ಮೈಲಿ, ಅಂದರೆ 96 ಕಿ.ಮೀ. ವೇಗದಲ್ಲಿ ಒಂಟಿ ಗಾಡಿ ಬ್ರೇಕ್ ಒತ್ತಿದ ಮೇಲೆ 72 ಮೀಟರಿನಲ್ಲಿ ನಿಲ್ಲುತ್ತದೆ ಅಂತ ಇಟ್ಟುಕೊಂಡರೆ, ಜೀಪ್ ಸಮೇತ 93 ಮೀಟರ್ ಬೇಕು. ಈ 21 ಮೀಟರ್ ಅಂದರೆ ನಮ್ಮ ಸಿಟಿ ಬಸ್ ಎರಡನ್ನು ಸಾಲಾಗಿ ನಿಲ್ಲಿಸಿದ ಹಾಗೆ. ಇದು ಸಮತಟ್ಟು ರಸ್ತೆಯ, ಬ್ರೇಕ್ ತಣ್ಣಗಿರುವಾಗಿನ ಲೆಕ್ಕ. ಇಳಿಜಾರು ಬೇರೆಯೇ.

ಭಾವ ಇನ್ನೂ ಒಪ್ಪಲಿಲ್ಲ. ಜೀಪ್ ಸೇರಿಸಿದರೂ ಒಟ್ಟು ತೂಕ ಚಾಸಿಸ್‌ನ ಮಿತಿಯೊಳಗೇ ಇದೆಯಲ್ಲ ಅಂದರು. ಅದು ನಿಜ, ಎಂಜಿನ್ ಮತ್ತು ಗೇರ್‌ಬಾಕ್ಸ್ ಎಳೆಯಲು ಎಷ್ಟು ಮಿತಿ ಕೊಟ್ಟಿದ್ದಾರೋ ಅಷ್ಟರೊಳಗಿತ್ತು. ಆದರೆ ಎಳೆಯುವ ಮಿತಿ ಬೇರೆ, ನಿಲ್ಲಿಸುವ ಮಿತಿ ಬೇರೆ. ಗಾಡಿಯ ಬ್ರೇಕ್ ಅದರ ಸ್ವಂತ ಒಟ್ಟು ತೂಕಕ್ಕೆ ಮಾತ್ರ, ಹಿಂದೆ ಎಳೆಯುವ ತೂಕ ಸೇರಿಸಿ ಅಲ್ಲ ಅಂತ ಫೋರ್ಡ್‌ನ ಟೋಯಿಂಗ್ ಗೈಡಿನಲ್ಲೇ ಬರೆದಿದೆ. ಅಕ್ಕ ಅದನ್ನು ಫೋನಿನಲ್ಲಿ ಹುಡುಕಿ ಓದಿದಳು. ಅಲ್ಲಿನ ಕಾನೂನು ರಾಜ್ಯಕ್ಕೊಂದು ಥರ, ಆದರೆ ಹಲವು ಕಡೆ 3,000 ಪೌಂಡ್ ದಾಟಿದರೆ ಹಿಂದಿನದಕ್ಕೆ ಸ್ವಂತ ಬ್ರೇಕ್ ಬೇಕು. ಜೀಪ್ 4,000 ದಾಟುತ್ತದೆ. ಅಲ್ಲಿಗೆ ಬ್ರೇಕ್ ಬೇಕೋ ಬೇಡವೋ ಎಂಬ ಚರ್ಚೆ ಮುಗಿಯಿತು. ಯಾವುದು ಎಂಬುದು ಉಳಿಯಿತು.

ಮೊದಲ ಆಯ್ಕೆ

ನನ್ನ ತಲೆಯಲ್ಲಿ ಬಸ್ ಅಂದರೆ ಏರ್ ಬ್ರೇಕ್. "ಮುಂದಿನ ಗಾಡಿಯ ಏರ್ ಟ್ಯಾಂಕಿನಿಂದ ಒಂದು ಪೈಪ್ ಹಿಂದಕ್ಕೆ ಎಳೆಯಿರಿ ಭಾವ, ಮುಗಿಯಿತು" ಅಂದುಬಿಟ್ಟೆ. ಅಂಥ ಸಿಸ್ಟಮ್ ನಿಜವಾಗಿಯೂ ಇದೆ, ಚೆನ್ನಾಗಿಯೂ ಇದೆ. ಆದರೆ ಅದು ಹಿಂದೆ ಡೀಸೆಲ್ ಎಂಜಿನ್ ಇರುವ ದೊಡ್ಡ ಮೋಟರ್‌ಹೋಮ್‌ಗಳಿಗೆ. ಇ-450ರಲ್ಲಿ ಇರುವುದು ಹೈಡ್ರಾಲಿಕ್ ಬ್ರೇಕ್, ಅಂದರೆ ಬ್ರೇಕ್ ಆಯಿಲಿನ ಒತ್ತಡದ್ದು. ಅಲ್ಲಿ ಏರ್ ಟ್ಯಾಂಕೇ ಇಲ್ಲ! ಮುಂದಿನ ಗಾಡಿಯ ಬ್ರೇಕ್ ಯಾವ ಜಾತಿಯದ್ದು ಅಂತ ಕೇಳದೆ ಹಿಂದಿನದಕ್ಕೆ ಸಲಹೆ ಕೊಟ್ಟಿದ್ದೆ. ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗರು ಯಾರೂ ಹತ್ತಿರ ಇರಲಿಲ್ಲ, ಪುಣ್ಯ.

ಉಳಿದದ್ದು ಮೂರು ದಾರಿ.

ಒಂದು, ಟೋ ಬಾರಿನಲ್ಲೇ ಇರುವ ತಳ್ಳು-ಬ್ರೇಕ್. ಮುಂದಿನ ಗಾಡಿ ನಿಧಾನವಾದಾಗ ಜೀಪ್ ಮುಂದಕ್ಕೆ ತಳ್ಳುತ್ತದೆ, ಆ ತಳ್ಳುವಿಕೆಯೇ ಒಂದು ಕೇಬಲ್ ಎಳೆದು ಜೀಪಿನ ಪೆಡಲ್ ಒತ್ತುತ್ತದೆ. ಕರೆಂಟು ಬೇಡ, ಸರಳ.

ಎರಡು, ಎತ್ತಿಡುವ ಪೆಟ್ಟಿಗೆ. ಡ್ರೈವರ್ ಸೀಟಿನ ಮುಂದೆ ನೆಲದ ಮೇಲೆ ಇಟ್ಟು, ಸೀಟಿಗೆ ಒತ್ತಿ ಕೂರಿಸಿ, ಅದರ ಕೈಯನ್ನು ಬ್ರೇಕ್ ಪೆಡಲಿಗೆ ಕಚ್ಚಿಸುವುದು. ಒಳಗಿನ ಸೆನ್ಸರ್‌ಗೆ ವೇಗ ಇಳಿದದ್ದು ಗೊತ್ತಾದರೆ ಪೆಡಲ್ ಒತ್ತುತ್ತದೆ. ಕರೆಂಟು ಜೀಪಿನ ಸಿಗರೇಟ್ ಲೈಟರ್ ಸಾಕೆಟ್ಟಿನಿಂದ.

ಮೂರು, ಜೀಪಿನೊಳಗೆ ಖಾಯಂ ಆಗಿ ಕೂರಿಸುವ ಸಿಸ್ಟಮ್. ವೈರಿಂಗ್, ಪೈಪು ಎಲ್ಲ ಮಾಡಿಸಬೇಕು. ಪೆಟ್ಟಿಗೆಯ ಬೆಲೆಯ ಮೇಲೆ ಕೂಲಿ ಬೇರೆ.

ಭಾವ ಎರಡನೆಯದ್ದು ಆರಿಸಿದರು. ಕಾರಣ: ಎರಡು ವರ್ಷದಲ್ಲಿ ಜೀಪ್ ಮಾರುವ ಯೋಚನೆ, ಗಾಡಿಗೆ ತೂತು ಹೊಡೆಯುವುದು ಇಷ್ಟ ಇಲ್ಲ, ಪೆಟ್ಟಿಗೆ ಆದರೆ ಮುಂದಿನ ಕಾರಿಗೂ ಆಗುತ್ತದೆ. ನಾನೂ ಸೈ ಅಂದೆ. ಕಾರಣಗಳೇನೋ ಸರಿಯೇ ಇದ್ದವು. ಆದರೆ ಎಲ್ಲವೂ ದುಡ್ಡು ಮತ್ತು ವಸ್ತುವಿನ ಬಗ್ಗೆ. ದಿನಾ ಅದನ್ನು ಕೂರಿಸುವವರು ಯಾರು, ಒಂದು ದಿನ ಮರೆತರೆ ಏನಾಗುತ್ತದೆ ಅಂತ ಮೂವರಲ್ಲಿ ಒಬ್ಬರೂ ಕೇಳಲಿಲ್ಲ.

ಪೆಟ್ಟಿಗೆಯಲ್ಲಿ ಒಂದು ಸೂಕ್ಷ್ಮ ಇದೆ, ಇಡೀ ಪ್ರಕರಣ ನಿಂತಿರುವುದು ಅದರ ಮೇಲೆಯೇ. ನಿಮ್ಮ ಕಾರಿನ ಎಂಜಿನ್ ಆಫ್ ಮಾಡಿ ಬ್ರೇಕ್ ಪೆಡಲ್ ನಾಲ್ಕೈದು ಸಲ ಒತ್ತಿ ನೋಡಿ. ಮೊದಲ ಎರಡು ಸಲ ಮೆತ್ತಗೆ ಹೋಗುತ್ತದೆ, ಆಮೇಲೆ ಕಲ್ಲಿನ ಹಾಗೆ ಗಟ್ಟಿ. ಎಂಜಿನ್ ಓಡುವಾಗ ಬೂಸ್ಟರ್ ಎಂಬ ಡಬ್ಬಿಯಲ್ಲಿ ತುಂಬಿಕೊಂಡ ವ್ಯಾಕ್ಯೂಮ್ (ಗಾಳಿ ಹೀರಿ ಆದ ನಿರ್ವಾತ) ನಿಮ್ಮ ಕಾಲಿಗೆ ಸಹಾಯ ಮಾಡುತ್ತಿರುತ್ತದೆ, ಅದು ಖಾಲಿಯಾದರೆ ಅಷ್ಟೂ ಬಲ ನಿಮ್ಮ ಕಾಲಿನದ್ದೇ. ಹಿಂದೆ ಎಳೆಸಿಕೊಂಡು ಬರುವ ಜೀಪಿನ ಎಂಜಿನ್ ಆಫ್ ಇರುತ್ತದೆ. ಅದಕ್ಕೇ ಪೆಟ್ಟಿಗೆ ಕೂರಿಸುವ ಮೊದಲು ಪೆಡಲ್ ಹಲವು ಸಲ ಒತ್ತಿ ಆ ವ್ಯಾಕ್ಯೂಮ್ ಖಾಲಿ ಮಾಡಬೇಕು, ಆ ಗಟ್ಟಿ ಪೆಡಲಿಗೆ ಎಷ್ಟು ಬಲ ಬೇಕೋ ಅಷ್ಟಕ್ಕೆ ಪೆಟ್ಟಿಗೆಯನ್ನು ಹೊಂದಿಸಬೇಕು. ಅಕ್ಕ ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡಳು. 14 ಹೆಜ್ಜೆ. ತಲೆಬರಹ "ಜೀಪ್ ಕಟ್ಟುವಾಗ". ಈ ತಲೆಬರಹ ನೆನಪಿಟ್ಟುಕೊಳ್ಳಿ.

ಏನಾಯಿತು

ಟೆಕ್ಸಾಸ್ ಒಳಗೆ ಎರಡು ತಿಂಗಳು ಏನೂ ಆಗಲಿಲ್ಲ. ರಸ್ತೆ ನೇರ, ಚಪ್ಪಟೆ.

ಮೊದಲ ತೊಂದರೆ ಸಣ್ಣದು. ಇಡೀ ದಿನ ಓಡಿಸಿ ಸಂಜೆ ಬಿಚ್ಚಿದರೆ ಜೀಪ್ ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಡೌನ್. ಪೆಟ್ಟಿಗೆ ದಿನವಿಡೀ ಕರೆಂಟು ಎಳೆದಿದೆ, ಪೆಡಲ್ ಒತ್ತಿದಾಗೆಲ್ಲ ಜೀಪಿನ ಬ್ರೇಕ್ ಲೈಟೂ ಉರಿದಿದೆ, ತುಂಬಿಸುವವರು ಯಾರೂ ಇಲ್ಲ. ಮುಂದಿನ ಗಾಡಿಯಿಂದ ಒಂದು ಚಾರ್ಜಿಂಗ್ ವೈರ್ ಎಳೆದಿದ್ದರೆ ಮುಗಿಯುತ್ತಿತ್ತು. ಇವರು ಅಗ್ಗದ ದಾರಿ ಹಿಡಿದರು: ಮಧ್ಯಾಹ್ನ ಎಲ್ಲಾದರೂ ನಿಂತಾಗ ಜೀಪನ್ನು 20 ನಿಮಿಷ ಸ್ಟಾರ್ಟ್ ಮಾಡಿ ಇಡುವುದು. ನನಗೂ ಫೋನಿನಲ್ಲಿ ಹೇಳಿದರು. "ಒಳ್ಳೆ ಐಡಿಯಾ" ಅಂದೆ. ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಅಲ್ಲಿನ ಬೇಸಿಗೆಯಲ್ಲಿ ಕೊಲೊರಾಡೊ ರಾಜ್ಯಕ್ಕೆ ಹೊರಟರು. ಅಲ್ಲಿ ಐ-70 ಹೆದ್ದಾರಿಯಲ್ಲಿ ಐಸೆನ್‌ಹೋವರ್ ಸುರಂಗ ಇದೆ, ಸುಮಾರು 3,400 ಮೀಟರ್ ಎತ್ತರದಲ್ಲಿ. ಸುರಂಗ ದಾಟಿ ಪಶ್ಚಿಮಕ್ಕೆ ಬಂದ ಕೂಡಲೇ ಸಿಲ್ವರ್‌ಥಾರ್ನ್ ಎಂಬ ಊರಿನ ತನಕ ಕಡಿದಾದ ಉದ್ದ ಇಳಿಜಾರು. ಬ್ರೇಕ್ ಹೋದ ಲಾರಿಗಳು ನುಗ್ಗಲಿ ಅಂತ ಪಕ್ಕದಲ್ಲಿ ರ‍್ಯಾಂಪ್ ಮಾಡಿಟ್ಟಿದ್ದಾರೆ ಅಂದರೆ ಅರ್ಥ ಮಾಡಿಕೊಳ್ಳಿ. ನಮ್ಮ ಶಿರಾಡಿಯ ಹಾಗೆ ತಿರುವು ಮುರುವು ಇಲ್ಲ, ಅಗಲದ ರಸ್ತೆ. ಅಪಾಯ ಇರುವುದೂ ಅಲ್ಲೇ, ವೇಗ ಏರಿದ್ದು ಗೊತ್ತಾಗುವುದಿಲ್ಲ.

ಹತ್ತುವ ಮೊದಲು ಪೆಟ್ರೋಲ್ ಹಾಕಲು ನಿಂತರು. ಮೊಸರನ್ನ ತಿಂದರು. ರೂಢಿಯಂತೆ ಅಕ್ಕ ಜೀಪ್ ಸ್ಟಾರ್ಟ್ ಮಾಡಿ 20 ನಿಮಿಷ ಇಟ್ಟಳು, ಆಫ್ ಮಾಡಿದಳು, ಹೊರಟರು. ಎಂಜಿನ್ ಓಡಿದ್ದರಿಂದ ಬೂಸ್ಟರ್‌ನಲ್ಲಿ ವ್ಯಾಕ್ಯೂಮ್ ಮತ್ತೆ ತುಂಬಿತ್ತು. ಪೆಡಲ್ ಒತ್ತಿ ಖಾಲಿ ಮಾಡಲಿಲ್ಲ. ಟೆಕ್ಸಾಸಿನಲ್ಲೂ ಹೀಗೇ ಆಗಿರಬೇಕು, ಆದರೆ ಅಲ್ಲಿ ಬಂಕಿನಿಂದ ಹೊರಬರುವಾಗಲೇ ನಿಧಾನಕ್ಕೆ ಎರಡು ಮೂರು ಸಲ ಬ್ರೇಕ್ ಒತ್ತಿ ವ್ಯಾಕ್ಯೂಮ್ ಖಾಲಿಯಾಗುತ್ತಿತ್ತು, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಇಲ್ಲಿ ಬಂಕಿನಿಂದ ನೇರ ಹೆದ್ದಾರಿ, ಆಮೇಲೆ ಬರೀ ಏರು. ಬ್ರೇಕ್ ಒತ್ತುವ ಅಗತ್ಯವೇ ಬರಲಿಲ್ಲ.

ಸುರಂಗ ದಾಟಿದ ಮೇಲೆ ಮುಂದೆ ಒಂದು ಲಾರಿ ನಿಧಾನವಾಯಿತು. ಭಾವ ಬ್ರೇಕ್ ಒತ್ತಿದರು. ಪೆಟ್ಟಿಗೆ ಗಟ್ಟಿ ಪೆಡಲಿಗೆ ಅಂತ ಹೊಂದಿಸಿದ್ದ ಅಷ್ಟೂ ಬಲವನ್ನು ಮೆತ್ತಗಿನ ಪೆಡಲಿನ ಮೇಲೆ ಹಾಕಿತು. ಜೀಪಿನ ಚಕ್ರ ಲಾಕ್. ಹಿಂದಿನ ಕ್ಯಾಮೆರಾದಲ್ಲಿ ಬಿಳಿ ಹೊಗೆ. ಎರಡು ಮೂರು ಸೆಕೆಂಡ್ ಅಷ್ಟೇ, ಆದರೆ ಹೆದ್ದಾರಿ ವೇಗದಲ್ಲಿ ಟೈರ್ ಒಂದೇ ಜಾಗದಲ್ಲಿ ಸವೆಯಲು ಅಷ್ಟು ಸಾಕು.

ಪ್ರಕರಣದ ತಿರುವು ಇದಲ್ಲ, ಇದರ ನಂತರದ್ದು. ಭಾವ ಬದಿಗೆ ನಿಲ್ಲಿಸಿದರು. ಗಾಬರಿಯಲ್ಲಿ "ಈ ಪೆಟ್ಟಿಗೆಯೇ ಹಾಳು" ಅಂತ ಅದನ್ನು ಆಫ್ ಮಾಡಿದರು. ಉಳಿದ ಇಳಿಜಾರನ್ನು ಮುಂದಿನ ಗಾಡಿಯ ಬ್ರೇಕ್ ಒಂದರಲ್ಲೇ, 8,250 ಕೆಜಿ ಹೊತ್ತು ಇಳಿಯಲು ಹೊರಟರು. ಅದೂ ಟಾಪ್ ಗೇರಿನಲ್ಲಿ, ಟೋ-ಹಾಲ್ ಬಟನ್ (ಭಾರ ಎಳೆಯುವಾಗ ಗೇರ್ ಇಳಿಸಿ ಎಂಜಿನ್ನಿನಿಂದಲೇ ವೇಗ ತಡೆಯುವುದು) ಒತ್ತದೆ. ಸ್ವಲ್ಪ ದೂರದಲ್ಲಿ ಬ್ರೇಕ್ ಕಾದು ಪೆಡಲ್ ಕೆಳಗೆ ಹೋಗತೊಡಗಿತು. ಗುಂಡ್ಯದಲ್ಲಿ ಘಾಟಿ ಇಳಿದು ನಿಂತ ಲಾರಿಯ ಹತ್ತಿರ ಬರುತ್ತದಲ್ಲ ಬ್ರೇಕ್ ಸುಟ್ಟ ಆ ವಾಸನೆ, ಅದು ಒಳಗೇ ಬಂತಂತೆ. ಅಕ್ಕನಿಗೆ ಆ ವಾಸನೆ ಗೊತ್ತಿತ್ತು, ಚಿಕ್ಕಂದಿನಲ್ಲಿ ಎಷ್ಟು ಸಲ ಶಿರಾಡಿ ಇಳಿದಿಲ್ಲ. "ಎಲ್ಲಾದರೂ ನಿಲ್ಲಿಸಿ, ಈಗಲೇ" ಅಂದಳು. ಮುಂದೆ ಒಂದು ಅಗಲ ಜಾಗ ಸಿಕ್ಕಿತು, ನಿಂತಿತು. ಮುಕ್ಕಾಲು ಗಂಟೆ ಕಾದು, ಕೆಳಗಿನ ಗೇರಿನಲ್ಲಿ ತೆವಳಿಕೊಂಡು ಇಳಿದರು.

ಅಲ್ಲಿ ಸಂಜೆ 6 ಗಂಟೆ, ಇಲ್ಲಿ ಬೆಳಗ್ಗೆ ಐದೂವರೆ. ಆಟಿಯ ಮಳೆ ಹೊಡೆಯುತ್ತಿತ್ತು, ಫೋನಿನಲ್ಲಿ ಅರ್ಧ ಮಾತು ಕೇಳುತ್ತಿರಲಿಲ್ಲ. ಭಾವನಿಗೆ ಪೆಟ್ಟಿಗೆಯ ಮೇಲೆ ಸಿಟ್ಟು. ನಾನು ಅಕ್ಕನಿಗೆ ಫೋನ್ ಕೊಡಲು ಹೇಳಿದೆ. "ಜೀಪ್ ಕೊನೆಗೆ ಸ್ಟಾರ್ಟ್ ಮಾಡಿದ್ದು ಯಾವಾಗ?" "ಪೆಟ್ರೋಲ್ ಹಾಕುವಾಗ." "ಆಮೇಲೆ ಪೆಡಲ್ ಒತ್ತಿದೆಯಾ?"

ಆಚೆ ಸ್ವಲ್ಪ ಹೊತ್ತು ಸದ್ದಿಲ್ಲ. "ಇಲ್ಲ ಕಣೋ. ಅದು ಕಟ್ಟುವಾಗಿನ ಪಟ್ಟಿಯಲ್ಲಿ ಉಂಟು. ಆಗ ನಾವು ಕಟ್ಟಲಿಲ್ಲವಲ್ಲ, ಕಟ್ಟಿಯೇ ಇತ್ತು."

ಪಟ್ಟಿ ಸರಿಯಾಗಿತ್ತು. ತಲೆಬರಹ ತಪ್ಪಿತ್ತು. ಬ್ಯಾಟರಿಗೆ ಹುಡುಕಿದ ಅಗ್ಗದ ದಾರಿ ಬ್ರೇಕಿನ ಲೆಕ್ಕ ಕೆಡಿಸಿತ್ತು, ಎರಡಕ್ಕೂ ಸಂಬಂಧ ಇದೆ ಅಂತ 26 ವರ್ಷ ಬ್ರೇಕ್ ಬಿಚ್ಚಿದ ನನಗೂ ಹೊಳೆದಿರಲಿಲ್ಲ.

ಎರಡನೆಯ ಆಯ್ಕೆ

ಮಾರನೇ ದಿನ ಗ್ಯಾರೇಜಿನಲ್ಲಿ ನೋಡಿದಾಗ ಜೀಪಿನ ನಾಲ್ಕೂ ಟೈರಿನಲ್ಲಿ ಚಪ್ಪಟೆ ಮಚ್ಚೆ, ಮೋಟರ್‌ಹೋಮಿನ ಮುಂದಿನ ಡಿಸ್ಕ್ ನೀಲಿ ತಿರುಗಿತ್ತು. ಪ್ಯಾಡ್, ಡಿಸ್ಕ್, ಟೈರ್ ಎಲ್ಲ ಹೊಸತು, ಬ್ರೇಕ್ ಆಯಿಲ್ ಪೂರ್ತಿ ಬದಲು.

ಈ ಸಲ ನಾನು ತಳ್ಳು-ಬ್ರೇಕ್ ಹಿಡಿದು ಕೂತೆ. ಕರೆಂಟಿಲ್ಲ, ಸೆನ್ಸರ್ ಇಲ್ಲ, ಮೆಕ್ಯಾನಿಕ್ ಮನಸ್ಸಿಗೆ ಅದೇ ಇಷ್ಟ. ಅಕ್ಕ ಒಂದೇ ಪ್ರಶ್ನೆ ಕೇಳಿದಳು. "ಇಳಿಜಾರಿನಲ್ಲಿ ಇವರು ಕೆಳಗಿನ ಗೇರ್ ಹಾಕಿ ಬ್ರೇಕ್ ಮುಟ್ಟದೆ ಇಳಿದರೆ, ಜೀಪ್ ಆಗಲೂ ತಳ್ಳುತ್ತದಲ್ಲ, ಅದರ ಬ್ರೇಕ್ ಹಿಡಿದೇ ಇರುತ್ತದಾ?" ಹೌದು, ಪೂರ್ತಿ ಅಲ್ಲದಿದ್ದರೂ ಸ್ವಲ್ಪ ಹಿಡಿದೇ ಇರುತ್ತದೆ. ಚಪ್ಪಟೆ ಊರಲ್ಲಿ ಓಡಿಸುವವರಿಗೆ ಅದು ಒಳ್ಳೆಯದೇ. ಇವರು ಬೆಟ್ಟ ಬಿಡುವವರಲ್ಲ. ವೇಗ ಇಳಿದದ್ದನ್ನು ಮಾತ್ರ ನೋಡುವ ಪೆಟ್ಟಿಗೆಗಳಿಗೂ ಇದೇ ಕಾಯಿಲೆ ಬರಬಹುದು, ಎಂಜಿನ್ ಬ್ರೇಕಿಂಗನ್ನೇ ಬ್ರೇಕ್ ಅಂತ ತಿಳಿದು ಪೆಡಲ್ ಒತ್ತಿ ಹಿಡಿದು ಪ್ಯಾಡ್ ಸುಡುತ್ತವೆ.

ಹಾಗಾಗಿ ಬೇಕಾದದ್ದು ಏನು ಅಂತ ಅಕ್ಕನೇ ಹೇಳಿ ಬರೆಸಿದಳು. ಮುಂದಿನ ಗಾಡಿಯ ಬ್ರೇಕ್ ಲೈಟ್ ಉರಿದಿರಬೇಕು, ವೇಗವೂ ಇಳಿಯುತ್ತಿರಬೇಕು, ಎರಡೂ ಇದ್ದರೆ ಮಾತ್ರ ಜೀಪ್ ಬ್ರೇಕ್ ಹಿಡಿಯಬೇಕು. ಜೀಪ್ ಸ್ಟಾರ್ಟ್ ಮಾಡಿದರೂ ಮಾಡದಿದ್ದರೂ ಪೆಡಲ್ ಒಂದೇ ಥರ ಇರಬೇಕು. ಬ್ಯಾಟರಿ ಮುಂದಿನಿಂದ ಚಾರ್ಜ್ ಆಗಬೇಕು. ಜೀಪಿನ ಬ್ರೇಕ್ ಹಿಡಿದಾಗ ಡ್ರೈವರ್ ಕಣ್ಣೆದುರು ಒಂದು ಲೈಟ್ ಬೇಕು. ಬಿಚ್ಚಿ ಕಟ್ಟುವ ಹೆಜ್ಜೆ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಇಷ್ಟು ಬರೆದ ಮೇಲೆ ಆಯ್ಕೆ ತಾನಾಗಿ ಖಾಯಂ ಸಿಸ್ಟಮಿಗೆ ಬಂತು. ಅದರಲ್ಲಿ ಒಂದು ಸಣ್ಣ ಪಂಪ್ ಜೀಪಿನ ಬೂಸ್ಟರಿಗೆ ವ್ಯಾಕ್ಯೂಮ್ ಕೊಡುತ್ತದೆ, ಹಾಗಾಗಿ ಪೆಡಲ್ ಯಾವಾಗಲೂ ಮೆತ್ತಗೆ, ಬಲವನ್ನು ಅದಕ್ಕೇ ಹೊಂದಿಸುವುದು. ಭಾವ ಒಂದು ದಿನ ಗೊಣಗಿದರು. ಜೀಪ್ ಮಾರುವ ಯೋಚನೆ ಮುಂದೂಡಿದರು. ಡೆನ್ವರಿನಲ್ಲಿ ಕೂರಿಸಲು ಒಂದೂವರೆ ದಿನ ಹಿಡಿಯಿತು. ಹಳೆ ಪೆಟ್ಟಿಗೆ ಅರ್ಧ ಬೆಲೆಗೆ ಹೋಯಿತು. ಕೊಂಡವರಿಗೆ ಅಕ್ಕ ಪೆಡಲ್ ವಿಷಯ ಎರಡು ಸಲ ಹೇಳಿ ಕಳಿಸಿದಳಂತೆ.

ಕೂರಿಸುವಾಗ ಇನ್ನೊಂದು ತಪ್ಪು ಸಿಕ್ಕಿತು. ಜೀಪ್ ಕಳಚಿಕೊಂಡರೆ ತಾನಾಗಿ ಬ್ರೇಕ್ ಹಿಡಿಯಲಿ ಅಂತ ಒಂದು ತೆಳು ಕೇಬಲ್ ಇರುತ್ತದೆ, ಅದು ಎಳೆದರೆ ಪಿನ್ ಕಿತ್ತು ಬಂದು ಬ್ರೇಕ್ ಬೀಳುತ್ತದೆ. ಇವರು ಇಷ್ಟು ದಿನ ಆ ಕೇಬಲನ್ನು ಟೋ ಬಾರಿಗೇ ಸಿಕ್ಕಿಸುತ್ತಿದ್ದರು. ಟೋ ಬಾರ್ ಸಮೇತ ಕಳಚಿದರೆ ಪಿನ್ ಬರುವುದೇ ಇಲ್ಲ! ಅದನ್ನು ಮೋಟರ್‌ಹೋಮಿನ ಫ್ರೇಮಿಗೇ ಕಟ್ಟಬೇಕು. ಕಟ್ಟಿ, ಖಾಲಿ ಮೈದಾನದಲ್ಲಿ ಕೈಯಿಂದ ಪಿನ್ ಎಳೆದು ನೋಡಿದರು. ಹಿಡಿಯಿತು. ಆಮೇಲೆ ಗಂಟೆಗೆ 25 ಮೈಲಿಯಲ್ಲಿ ನಾಲ್ಕೈದು ಸಲ ಬ್ರೇಕ್ ಹಾಕಿ ಜೀಪಿನ ಚಕ್ರ ಲಾಕ್ ಆಗದ ಹಾಗೆ ಬಲ ಹೊಂದಿಸಿದರು.

ವಾಪಸ್ ಬರುವಾಗ ಭಾವ ಬೇಕೆಂದೇ ಅದೇ ಇಳಿಜಾರು ಇಳಿದರು. ಈ ಸಲ ತುದಿಯಲ್ಲೇ ಟೋ-ಹಾಲ್ ಬಟನ್ ಒತ್ತಿ, ಕೆಳಗಿನ ಗೇರಿನಲ್ಲಿ. ಹತ್ತಿದ ಗೇರಿನಲ್ಲೇ ಇಳಿ ಅಂತ ನಮ್ಮ ಆಗುಂಬೆ ಕಡೆಯ ಡ್ರೈವರ್‌ಗಳು ಹೇಳುತ್ತಿದ್ದದ್ದನ್ನು ನಾನು ಫೋನಿನಲ್ಲಿ ಹತ್ತು ಸಲ ಹೇಳಿದ್ದೆ. ಬ್ರೇಕ್ ಒತ್ತಿದಾಗ ಮಾತ್ರ ಎದುರಿನ ಲೈಟ್ ಹತ್ತಿತು, ಬಿಟ್ಟಾಗ ಆರಿತು. ಕೆಳಗೆ ನಿಂತು ಅಕ್ಕ ಜೀಪಿನ ಚಕ್ರಗಳ ಹತ್ತಿರ ಕೈ ಹಿಡಿದು ನೋಡಿದಳು. ಎಡ ಬಲ ಒಂದೇ ಥರ ಬೆಚ್ಚಗೆ.

ಕಳೆದ ಡಿಸೆಂಬರಿನಲ್ಲಿ ಮತ್ತೆ ಬಂದಿದ್ದರು. ಅಕ್ಕನ ಹಾಳೆ ಈಗ 6 ಹೆಜ್ಜೆಗೆ ಇಳಿದಿದೆ. ತಲೆಬರಹ "ಗಾಡಿ ಹೊರಡುವ ಮೊದಲು, ಪ್ರತಿ ಸಲ". ಭಾವನಿಗೆ ಈಗ ಜೀಪ್ ಬಿಟ್ಟು ಹೈಬ್ರಿಡ್ ಕಾರಿನ ಆಸೆ ಹುಟ್ಟಿದೆ. ಅದನ್ನು ನಾಲ್ಕು ಚಕ್ರದ ಮೇಲೆ ಎಳೆಯಬಹುದಾ, ಬ್ರೇಕ್ ಬೂಸ್ಟರ್ ವ್ಯಾಕ್ಯೂಮಿನದ್ದಾ ಎಲೆಕ್ಟ್ರಿಕ್‌ನದ್ದಾ, ಎಲೆಕ್ಟ್ರಿಕ್ ಆದರೆ ಈ ಪಂಪ್ ಏನೂ ಉಪಯೋಗಕ್ಕೆ ಬರುವುದಿಲ್ಲ ಅಂತ ಹೇಳಿ, ಮೊದಲು ಆ ಕಾರಿನ ಓನರ್ಸ್ ಮ್ಯಾನ್ಯುಯಲ್‌ನ ಎಳೆಯುವ ಪುಟ ನನಗೆ ಕಳಿಸಿ ಭಾವ ಅಂದಿದ್ದೇನೆ. ಇನ್ನೂ ಬಂದಿಲ್ಲ.